ಉಣ್ಣೆ ಕೋಟಿನ ತಾತ

ಕೋಟಿನ ಒಳಗಿನ ಲೈನಿಂಗನ್ನು ಟೈಲರಕ್ಕ ಬಿಚ್ಚಿದ್ದು ಯಾರನ್ನೂ ಕೇಳದೆ. ಮಧ್ಯಾಹ್ನ ಟೀವಿ ಧಾರಾವಾಹಿಯ ಯೂನಿಟ್ಟಿನವರೆಲ್ಲ ಊಟಕ್ಕೆ ಕೂತಿದ್ದರು. ಅವಳು ಬಟ್ಟೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ದಪ್ಪ ಉಣ್ಣೆಯ ಆ ಕಂದು ಕೋಟನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಹೊಲಿಗೆಯನ್ನು ಎಳೆ ಎಳೆಯಾಗಿ ಕತ್ತರಿಸುತ್ತ ಹೋದಳು. ಲೈನಿಂಗ್ ಈಚೆ ಬಂದ ಮೇಲೆ ಬೆನ್ನಿಗೊಂದು, ಎರಡು ಪಕ್ಕೆಗೆ ಒಂದೊಂದು ತೆಳುವಾದ ಜೇಬು ಹೊಲಿದಳು, ಐಸಿನ ಪೊಟ್ಟಣ ಇಡುವುದಕ್ಕೆ. ಹೊರಗಿನಿಂದ ನೋಡಿದವರಿಗೆ ಕೋಟು ಹಿಂದಿನ ಕೋಟೇ. ತೊಟ್ಟವನಿಗೆ ಮಾತ್ರ ಅರ್ಧ ಭಾರ ಇಳಿದಿರುತ್ತದೆ.

ಅದನ್ನು ತೊಡುತ್ತಿದ್ದವನು ಅವಳ ಒಡಹುಟ್ಟಿದ ಅಣ್ಣ.

ಧಾರಾವಾಹಿಯ ಕತೆ ನಡೆಯುವುದು ಬೆಟ್ಟದ ಮೇಲಿನ ಒಂದು ಊರಿನಲ್ಲಿ. ವರ್ಷದ ಅರ್ಧ ಅಲ್ಲಿ ಹಿಮ ಬೀಳುತ್ತದೆ, ಉಳಿದರ್ಧ ಚಳಿ ಇರುತ್ತದೆ. ಅಂಥ ಊರು ನಿಜವಾಗಿಯೂ ಇತ್ತು, ನಕ್ಷೆಯಲ್ಲೂ ಇತ್ತು. ಆದರೆ ಅಷ್ಟು ಜನರನ್ನು, ಅಷ್ಟು ಸಾಮಾನನ್ನು ಅಷ್ಟು ದೂರ ಹೊತ್ತುಕೊಂಡು ಹೋಗಿ ವರ್ಷಗಟ್ಟಲೆ ಅಲ್ಲಿ ಕೂರುವುದು ಆಗಹೋಗದ ಮಾತಾಗಿತ್ತು. ಹಾಗಾಗಿ ಬಿಸಿಲು ನೆತ್ತಿ ಸೀಳುವ ಈ ಊರಿನ ಹೊರವಲಯದಲ್ಲಿ, ಎಂದೋ ಮುಚ್ಚಿಹೋಗಿದ್ದ ನೂಲಿನ ಗಿರಣಿಯ ಅಂಗಳದಲ್ಲಿ, ಆ ಬೆಟ್ಟದ ಊರಿನ ಒಂದು ಬೀದಿ ಎದ್ದು ನಿಂತಿತು. ಮುಂದೆ ಬಾಗಿಲು, ಕಿಟಕಿ, ಹೊಗೆಗೂಡು. ಹಿಂದೆ ಹೋಗಿ ನೋಡಿದರೆ ಬರೀ ಪ್ಲೈವುಡ್ಡು, ಅದಕ್ಕೆ ಆನಿಸಿದ ಮರದ ಕೋಲುಗಳು. ನೆಲಕ್ಕೆ ಮೂಟೆಗಟ್ಟಲೆ ಉಪ್ಪು ಸುರಿದು ಹಿಮ ಮಾಡಿದ್ದರು. ಮೇಲಿನಿಂದ ಬೀಳುವ ಹಿಮ ಚೂರು ಕಾಗದ. ಅಂಗಳದ ಮೂಲೆಯ ಹಸಿರು ಮರವೊಂದಕ್ಕೆ ಹತ್ತಿ ಅಂಟಿಸಿ ಅಂಟಿಸಿ ಅದು ಕ್ಷೌರಿಕನ ಮುಂದೆ ಕೂತವನ ಹಾಗೆ ಕಾಣುತ್ತಿತ್ತು.

ಅಣ್ಣ ಈ ಸುಳ್ಳು ಊರೊಳಗೆ ಕಾಲಿಟ್ಟದ್ದು ಅವಳ ಕನ್ನಡಕದಿಂದಾಗಿ. ಅವಳು ಅದನ್ನು ಮನೆಯಲ್ಲಿ ಮರೆತು ಬಂದಿದ್ದಳು, ಅವನು ಬಸ್ಸು ಹತ್ತಿ ತಂದುಕೊಟ್ಟ. ಅವತ್ತೇ ತಾತನ ಪಾತ್ರ ಮಾಡಬೇಕಾಗಿದ್ದ ನಟ ಕೈಕೊಟ್ಟಿದ್ದ. ನಿರ್ದೇಶಕಿ ತಲೆ ಮೇಲೆ ಕೈಹೊತ್ತು ಕೂತಿದ್ದವಳು ಬಾಗಿಲಲ್ಲಿ ನಿಂತಿದ್ದ ಈ ಉದ್ದ ಮುಖದ, ಬೆಳ್ಳನೆಯ ಹುಬ್ಬಿನ ಮುದುಕನನ್ನು ನೋಡಿ, ಇವರು ಯಾರು ಎಂದಳು. ಮೂರು ದಿನದ ಮಟ್ಟಿಗೆ ಎಂದು ಶುರುವಾದ ಪಾತ್ರ ಎರಡನೆಯ ವರ್ಷಕ್ಕೆ ಕಾಲಿಟ್ಟಿತು.

ಅಭಿನಯ ಅವನಿಗೆ ಹೊಸದಾಗಿರಲಿಲ್ಲ. ವಯಸ್ಸಿನಲ್ಲಿ ಊರೂರು ಸುತ್ತುವ ನಾಟಕ ಕಂಪನಿಯಲ್ಲಿ ದ್ವಾರಪಾಲಕನಾಗಿ, ದೂತನಾಗಿ, ಸತ್ತ ಸೈನಿಕನಾಗಿ ದುಡಿದಿದ್ದ. ಅವನ ಪಾಲಿಗೆ ಬರುತ್ತಿದ್ದದ್ದು ಒಂದೇ ಮಾತು, ಶತ್ರುಗಳು ಕೋಟೆಯ ಬಾಗಿಲಿಗೆ ಬಂದರು ಎನ್ನುವುದು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ತಲೆ ನರೆಯಿತು, ಕಂಪನಿ ಮುಚ್ಚಿತು. ಮದುವೆ ಎನ್ನುವುದು ಅವನ ಜಾಯಮಾನಕ್ಕೆ ಒಗ್ಗಲಿಲ್ಲ. ತಂಗಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಒಂದು ಪೆಟ್ಟಿಗೆ, ಒಂದು ಹೊಲಿಗೆ ಮಿಷನ್ನಿನೊಂದಿಗೆ ಬಂದಾಗ ಏನೂ ಕೇಳದೆ ಒಳಗಿನ ಕೋಣೆ ಬಿಟ್ಟುಕೊಟ್ಟು ತನ್ನ ಹಾಸಿಗೆಯನ್ನು ಹೊರಗಿನ ಕೋಣೆಗೆ ತಂದುಕೊಂಡಿದ್ದ. ಅಂದಿನಿಂದ ಆ ಎರಡು ಕೋಣೆಗಳಲ್ಲಿ ಇಬ್ಬರೂ ಬಾಳಿದರು. ಜಗಳವಾಡಿದರೂ ಅಡುಗೆಗೆ ಉಪ್ಪು ಹೆಚ್ಚಾಯಿತೆಂದೋ, ರೇಡಿಯೊ ಜೋರಾಯಿತೆಂದೋ ಅಷ್ಟೇ.

ತಾತನ ಪಾತ್ರ ಸಿಕ್ಕ ಮೇಲೆ ಅಣ್ಣ ಬೇರೆಯೇ ಮನುಷ್ಯನಾದ. ಚಳಿ ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಹುಟ್ಟಿದ್ದು ಬೆಳೆದದ್ದು ಇದೇ ಬಿಸಿಲಿನಲ್ಲಿ. ಅದಕ್ಕೆ ಪಾತ್ರೆಯ ತುಂಬ ಐಸು ಹಾಕಿಕೊಂಡು ಎರಡೂ ಕೈ ಅದ್ದಿ ಕೂರುತ್ತಿದ್ದ. ಬೆರಳು ಕೆಂಪಾಗಿ, ಆಮೇಲೆ ಬೆಳ್ಳಗಾಗಿ, ಮಡಿಸಲು ಬಾರದಂತಾದಾಗ ಎದ್ದು ಹೋಗಿ ಬಾಗಿಲ ಚಿಲಕ ತೆಗೆಯುವುದು, ಗುಂಡಿ ಹಾಕುವುದು, ಲೋಟ ಎತ್ತುವುದು. ಚಳಿಯಲ್ಲಿರುವವನ ಕೈ ಹೇಗೆ ತಡವರಿಸುತ್ತದೆ ಎಂದು ನೋಡಿಕೊಳ್ಳುತ್ತಿದ್ದ. ಹುಚ್ಚು ಹಿಡಿದಿದೆ ನಿನಗೆ ಎಂದು ತಂಗಿ ಬೈದರೆ, ಹಿಡೀಲಿ ಬಿಡು, ಇಷ್ಟು ವರ್ಷ ಹಿಡೀದೆ ಇದ್ದದ್ದೇ ತಪ್ಪು ಎನ್ನುತ್ತಿದ್ದ.

ಬೀದಿಯ ಜನರ ಬಾಯಲ್ಲಿ ಅವನು ಉಣ್ಣೆ ಕೋಟಿನ ತಾತನಾದ. ತರಕಾರಿಯವಳು ಅವನಿಗೆಂದು ಎಳೆಯ ಬೀನ್ಸ್ ಆರಿಸಿ ಎತ್ತಿಡುತ್ತಿದ್ದಳು. ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಿದ್ದರು. ಇಷ್ಟು ಸೆಕೆ ಹೇಗೆ ತಡಿತೀರಿ ತಾತ, ನಿಮ್ಮೂರಲ್ಲಿ ಹಿಮ ಅಲ್ವಾ ಎಂದು ಯಾರಾದರೂ ಕೇಳಿದರೆ ಅವನು ಗಂಭೀರವಾಗಿ, ಏನ್ ಮಾಡೋದಮ್ಮ, ತಂಗಿ ಮನೆಗೆ ಅಂತ ಬಂದಿದ್ದೆ, ರಸ್ತೆ ಮುಚ್ಚಿಹೋಗಿದೆ ಎನ್ನುತ್ತಿದ್ದ. ಮನೆಗೆ ಬಂದು ಅದನ್ನೇ ಮತ್ತೆ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಎರಡನೆಯ ಬೇಸಿಗೆ ಮೊದಲನೆಯದರ ಹಾಗಿರಲಿಲ್ಲ. ಬೆಳಗ್ಗೆಯೇ ಗಿರಣಿಯ ತಗಡಿನ ಸೂರು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಬೆಂಕಿಗೂಡಿನ ಮುಂದೆ ಕೂರುವ ಸೀನುಗಳಲ್ಲಿ ಬೆಂಕಿ ಸುಳ್ಳು, ಆದರೆ ಅದರ ಹಿಂದೆ ಉರಿಯುವ ದೀಪಗಳು ಸುಳ್ಳಲ್ಲ. ಶಾಟ್ ತೆಗೆಯುವಾಗ ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸುತ್ತಿದ್ದರು. ಅಣ್ಣನ ಮೈಮೇಲೆ ಒಳ ಅಂಗಿ, ಅದರ ಮೇಲೆ ಸ್ವೆಟರು, ಅದರ ಮೇಲೆ ಕೋಟು, ಕತ್ತಿಗೆ ಮಫ್ಲರು, ತಲೆಗೆ ಕಿವಿ ಮುಚ್ಚುವ ಟೋಪಿ. ಮೇಕಪ್ಪಿನವಳು ಶಾಟ್ ಶಾಟಿಗೂ ಬಂದು ಹಣೆ ಒತ್ತಿ ಪೌಡರು ಹಾಕುವಳು. ಅದು ಒಣಗುವ ಮೊದಲೇ ಬೆವರು ಅದನ್ನು ಸೀಳಿಕೊಂಡು ಇಳಿಯುವುದು. ಅದರ ನಡುವೆಯೇ ಅವನು ನಡುಗಬೇಕು, ಕೈ ಉಜ್ಜಬೇಕು, ಈ ಸಲದ ಚಳಿ ಮೂಳೆಗೆ ಇಳೀತಾ ಇದೆ ಮಗಳೇ ಎನ್ನಬೇಕು. ಅವನು ನಡುಗಿದ್ದನ್ನು ನೋಡಿ ಯೂನಿಟ್ಟಿನವರಿಗೂ ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತಿತ್ತು.

ಒಂದು ಸಂಜೆ ಮನೆಯ ಮೆಟ್ಟಿಲ ಮೇಲೆ ಅವನು ಧಪ್ಪನೆ ಕೂತುಬಿಟ್ಟ. ಉಸಿರು ಮೇಲಕ್ಕೆ ಹತ್ತುತ್ತಿರಲಿಲ್ಲ. ಮಹಡಿಯ ಮನೆಯ ಸೊಸೆಯ ಸಹಾಯದಿಂದ ತಂಗಿ ಅವನನ್ನು ಹತ್ತಿರದ ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಇಸಿಜಿ ತೆಗೆಸಿ, ಹೃದಯ ದಣಿದಿದೆ ಎಂದರು. ಸೆಕೆ ಆಗಬಾರದು, ಭಾರ ಹೊರಬಾರದು, ಮೈ ಬೆವರಿ ನೀರು ಕಳೆದುಕೊಳ್ಳಬಾರದು. ಅವರು ಏನೇನು ಕೂಡದೆಂದರೋ ಅದೆಲ್ಲ ಸೇರಿದರೆ ಅಣ್ಣನ ದಿನಚರಿ ಆಗುತ್ತಿತ್ತು.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅವನು ತಂಗಿಯ ಕೈ ಹಿಡಿದುಕೊಂಡ. ಹಾಗೆ ಹಿಡಿಯುವ ಅಭ್ಯಾಸ ಅವನದಲ್ಲ.

"ಯಾರಿಗೂ ಹೇಳಬೇಡ. ಗೊತ್ತಾದ್ರೆ ನಾಳೆನೇ ಬೇರೆಯವನನ್ನ ಕರ್ಕೊಂಡು ಬರ್ತಾರೆ."

"ನಿನ್ನ ಜೀವಕ್ಕಿಂತ ಅದು ಹೆಚ್ಚಾ?"

"ಹೆಚ್ಚು ಕಡಿಮೆ ನನಗೆ ಗೊತ್ತಿಲ್ಲ. ಮೊದಲನೇ ಸಲ ನನಗೆ ಅಂತ ಜನ ಕಾಯ್ತಿದಾರೆ. ಅಷ್ಟು ಗೊತ್ತು."

ಅವಳು ಹೂಂ ಎಂದಳು. ಕೋಟಿನ ಲೈನಿಂಗ್ ಬಿಚ್ಚಿದ್ದು ಅದರ ಮರುದಿನ. ಸ್ವೆಟರಿನ ತೋಳನ್ನೂ ಬೆನ್ನನ್ನೂ ಕತ್ತರಿಸಿ ಕಾಣುವಷ್ಟು ಕುತ್ತಿಗೆಯ ಭಾಗವನ್ನು ಮಾತ್ರ ಉಳಿಸಿದಳು. ಮಫ್ಲರಿನ ಒಳಗೆ ಒದ್ದೆ ಬಟ್ಟೆ ಸೇರಿಸಿದಳು. ಐಸಿನ ಪೊಟ್ಟಣಗಳನ್ನು ಅಡುಗೆಯವರ ಡಬ್ಬಿಯಿಂದ ತಂದು, ಶಾಟುಗಳ ನಡುವೆ ಗುಂಡಿ ಸರಿಮಾಡುವ ನೆಪದಲ್ಲಿ ಒಳಗೆ ತುರುಕುತ್ತಿದ್ದಳು. ಅಣ್ಣ ಕಣ್ಣಲ್ಲೇ ನಗುತ್ತಿದ್ದ. ಇಬ್ಬರೂ ಸೇರಿ ಶಾಲೆಗೆ ಚಕ್ಕರ್ ಹೊಡೆಯುತ್ತಿದ್ದ ಮಕ್ಕಳ ಹಾಗೆ ಕೆಲವು ವಾರ ಕಳೆದರು. ಬಹುಶಃ ಹೀಗೇ ಬೇಸಿಗೆ ದಾಟಿಬಿಡುತ್ತೇವೆ ಎಂದು ಅವಳಿಗೂ ಅನ್ನಿಸತೊಡಗಿತ್ತು.

ಹಿಮಪಾತದ ಸೀನು ಬಂತು. ತಾತ ಬೀದಿಯ ತುದಿಯಲ್ಲಿ ನಿಂತು, ಮುನಿಸಿಕೊಂಡು ಹೋದ ಮಗನ ದಾರಿ ಕಾಯಬೇಕು, ಮೇಲಿನಿಂದ ಹಿಮ ಸುರಿಯುತ್ತಿರಬೇಕು. ಗಿರಣಿಯ ಗೋಡೆಯ ನೆರಳು ಬೀದಿಗೆ ಅಡ್ಡ ಬೀಳದ ಹೊತ್ತೆಂದರೆ ನಡುಮಧ್ಯಾಹ್ನ ಮಾತ್ರ. ಅವಳು ಐಸು ತುಂಬಿ ಕಳಿಸಿದಳು. ಮೊದಲ ಸಲ ಕಾಗದದ ಚೂರೆಲ್ಲ ಒಂದೇ ಕಡೆ ಬಿತ್ತು. ಎರಡನೆಯ ಸಲ ಹಿನ್ನೆಲೆಯಲ್ಲಿ ಯಾರದೋ ಮೋಟಾರು ಬೈಕಿನ ಸದ್ದು. ಮತ್ತೊಂದು ಸಲ ಎಲ್ಲ ಸರಿಯಿತ್ತು, ಆದರೆ ಕ್ಯಾಮೆರಾದವನು, ತಾತನ ಕೋಟಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ, ಅದೇಕೆ ಎಂದ. ಐಸು ಪೂರ್ತಿ ಕರಗಿಹೋಗಿತ್ತು. ಅಣ್ಣನ ಕಾಲಡಿಯ ಉಪ್ಪು ನೀರು ಕುಡಿದು ಕಪ್ಪಾಗಿತ್ತು. ಅವಳು ಓಡಿಹೋದಳು, ಬಗ್ಗಿ ಅಂಚನ್ನು ಹಿಂಡಿದಳು, ತಲೆಯೆತ್ತಿ ನೋಡಿದರೆ ಅವನ ತುಟಿ ನೀಲಿಗಟ್ಟಿತ್ತು. ಸಾಕು ಅಣ್ಣ ಎಂದು ಪಿಸುಗುಟ್ಟಿದಳು. ಅವನು ಅವಳನ್ನು ನೋಡಲಿಲ್ಲ. ಅವಳ ತಲೆಯ ಮೇಲಿನಿಂದ ಆಚೆ, ಮಗ ಬರಬೇಕಾದ ದಾರಿಯನ್ನು ನೋಡುತ್ತ, ಪಕ್ಕಕ್ಕೆ ಹೋಗು, ಬೆಳಕು ಹೋಗುತ್ತೆ ಎಂದ.

ಶಾಟ್ ಸರಿಯಾಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಪ್ಲೈವುಡ್ಡಿನ ಮನೆಯ ಹಿಂದೆ ಹೋಗಿ, ಕೋಲಿಗೆ ಒರಗಿ, ಬಹಳ ಹೊತ್ತು ಕೂತ.

ಅವತ್ತು ಸಂಜೆ ಅವನನ್ನು ಬಸ್ಸು ಹತ್ತಿಸಿ, ಹೊಲಿಯುವ ಕೆಲಸ ಉಳಿದಿದೆ ಎಂದು ಸುಳ್ಳು ಹೇಳಿ, ಅವಳು ಹಿಂದಕ್ಕೆ ಬಂದಳು. ಮ್ಯಾನೇಜರ್ ಲೆಕ್ಕದ ಕೋಣೆಯಲ್ಲಿ ಒಬ್ಬನೇ ಇದ್ದ. ಕೆಟ್ಟವನಲ್ಲ, ಸದಾ ಫೋನು ಕಿವಿಗಂಟಿಸಿಕೊಂಡಿರುವ ಬಡಪಾಯಿ. ಅವಳು ನಿಂತೇ ಎಲ್ಲ ಹೇಳಿದಳು. ಅವನ ಮುಖದ ರಕ್ತ ಇಳಿದುಹೋಯಿತು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಅಕ್ಕ, ಸೆಟ್ಟಿನಲ್ಲಿ ಏನಾದರೂ ಆಗಿದ್ದರೆ ಎಂದು ಅವನು ಮತ್ತೆ ಮತ್ತೆ ಅದನ್ನೇ ಹೇಳಿದ. ಅವಳು ಕೇಳಿದ್ದು ಇಷ್ಟೇ, ಬೇಸಿಗೆ ಮುಗಿಯುವವರೆಗೆ ಕತೆಯಲ್ಲಿ ತಾತನನ್ನು ಯಾವುದಾದರೂ ನೆಪದಲ್ಲಿ ಬೇರೆ ಊರಿಗೆ ಕಳಿಸಿ, ಆಮೇಲೆ ಕರೆಸಿಕೊಳ್ಳಿ. ಮತ್ತು ನಾನು ಹೇಳಿದೆನೆಂದು ಅಣ್ಣನಿಗೆ ಗೊತ್ತಾಗಬಾರದು. ನೋಡೋಣ ಎಂದ ಅವನು. ವಾಹಿನಿಯವರ ಜೊತೆ ಮಾತಾಡಬೇಕು ಎಂದ.

ವಾಹಿನಿಯವರು ನೋಡಿದರು. ಕಾಯಿಲೆಯ ಮನುಷ್ಯನನ್ನು ಇಟ್ಟುಕೊಂಡು ಕತೆ ಎಳೆಯುವುದಕ್ಕೆ ಅವರು ಒಪ್ಪಲಿಲ್ಲ. ಮಗ ಮನೆಗೆ ಮರಳುವ ಕಂತಿನಲ್ಲಿ ತಾತ ಸಾಯಬೇಕೆಂದು ತೀರ್ಮಾನವಾಯಿತು.

ಕತೆಯಲ್ಲಿ ಹಾಗೆ ತಿರುವು ಬಂದಿದೆ ಎಂದು ನಿರ್ದೇಶಕಿ ಅಣ್ಣನಿಗೆ ಹೇಳಿದಾಗ ಅವನು ತಲೆಯಾಡಿಸಿದ. ಒಳ್ಳೆ ಸಾವು ಕೊಡಮ್ಮ ಎಂದ. ಸೀನು ಮಲಗಿದಲ್ಲೇ ಆಗುವಂಥದ್ದು. ಮೇಲೆ ಎರಡು ರಜಾಯಿ, ಆದರೆ ಅವುಗಳೊಳಗಿನ ಹತ್ತಿಯನ್ನೆಲ್ಲ ತಂಗಿ ತೆಗೆದಿದ್ದಳು. ಶಾಟ್ ಶಾಟಿನ ನಡುವೆ ಎರಡು ಫ್ಯಾನು ಹಚ್ಚುತ್ತಿದ್ದರು. ಇಷ್ಟೆಲ್ಲ ಉಪಚಾರ ಯಾಕೆಂದು ಅವನು ಕೇಳಲಿಲ್ಲ. ಆದರೆ ಮಧ್ಯೆ ಒಮ್ಮೆ ಎದ್ದು ಕೂತು ನೀರು ಕುಡಿಯುವಾಗ ಅವನ ಕಣ್ಣು ಪ್ಲೈವುಡ್ಡಿನ ಗೋಡೆಯ ಸಂದಿನಿಂದ ಆಚೆ ಹೋಯಿತು. ಅಲ್ಲಿ ಕುರ್ಚಿಯ ಮೇಲೆ ಪರೀಕ್ಷೆಯ ಪೆಟ್ಟಿಗೆ ಇಟ್ಟುಕೊಂಡು ದವಾಖಾನೆಯ ಡಾಕ್ಟರಮ್ಮ ಕೂತಿದ್ದರು. ಅವನು ಡಾಕ್ಟರಮ್ಮನನ್ನು ನೋಡಿದ, ಆಮೇಲೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದ ತಂಗಿಯನ್ನು ನೋಡಿದ. ಲೋಟ ಕೆಳಗಿಟ್ಟು ಮಲಗಿದ.

ಆಮೇಲೆ ಅವನು ಮಾಡಿದ ಅಭಿನಯದ ಬಗ್ಗೆ ಯೂನಿಟ್ಟಿನಲ್ಲಿ ತಿಂಗಳುಗಟ್ಟಲೆ ಮಾತಾಡಿಕೊಂಡರು. ಮೊಮ್ಮಗಳ ಪಾತ್ರದ ಹುಡುಗಿ ಶಾಟ್ ಮುಗಿದ ಮೇಲೂ ಅಳು ನಿಲ್ಲಿಸಲಿಲ್ಲ. ಕೇಕು ತರಿಸಿದ್ದರು, ಹಾರ ತರಿಸಿದ್ದರು. ಅಣ್ಣ ಎಲ್ಲರಿಗೂ ಕೈಮುಗಿದು, ಕೋಟನ್ನು ತಾನೇ ಬಿಚ್ಚಿ ಹ್ಯಾಂಗರಿಗೆ ಹಾಕಿ ಬಂದ.

ಮನೆಯೊಳಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಕೇಳಿದ.

"ನೀನೇ ಹೇಳಿದ್ದಾ?"

"ಹೂಂ."

"ಯಾವಾಗ?"

"ಹಿಮದ ಸೀನು ಆದ ದಿನ."

ಅವನು ಹಾಸಿಗೆಯ ತುದಿಯಲ್ಲಿ ಕೂತ. ಸಿಟ್ಟು ಬಂದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಅಲ್ಲೇ ಬಿದ್ದು ಹೋಗಿದ್ರೆ ಹೋಗ್ತಿದ್ದೆ," ಎಂದ. "ಅದಕ್ಕೆ ನಾನು ತಯಾರಿದ್ದೆ. ಇದಕ್ಕೆ ತಯಾರಿರಲಿಲ್ಲ."

"ನಾನು ತಯಾರಿರಲಿಲ್ಲ ಅಣ್ಣ. ನಾನು ಒಬ್ಬಳೇ ಮನೆಗೆ ಬರಬೇಕಾಗ್ತಿತ್ತು."

ಅವತ್ತಿನಿಂದ ಅವಳೊಂದಿಗೆ ಮಾತು ಬಿಟ್ಟ.

ಎರಡು ಕೋಣೆಯ ಮನೆಯಲ್ಲಿ ಮಾತು ಬಿಟ್ಟು ಬದುಕುವುದು ಸುಲಭವಲ್ಲ. ಅವಳು ಊಟಕ್ಕಿಟ್ಟರೆ ಉಣ್ಣುತ್ತಿದ್ದ. ಮಾತ್ರೆ ಕೈಗೆ ಕೊಟ್ಟರೆ ನುಂಗುತ್ತಿದ್ದ. ಏನಾದರೂ ಬೇಕಾದರೆ ಮಹಡಿಯ ಸೊಸೆಯನ್ನು ಕರೆದು, ಅವಳಿಗೆ ಹೇಳಮ್ಮ ಎನ್ನುತ್ತಿದ್ದ. ತಂಗಿ ಮೊಳದ ದೂರದಲ್ಲಿ ನಿಂತಿರುತ್ತಿದ್ದಳು. ಪಾಪ, ಆ ಸೊಸೆ ಇಬ್ಬರ ಮುಖವನ್ನೂ ನೋಡಿ, ಸೋಪು ಮುಗಿದಿದೆಯಂತೆ ಅಕ್ಕ ಎಂದು ನೆಲ ನೋಡುತ್ತ ತಿಳಿಸುತ್ತಿದ್ದಳು. ಅವಳಿಗೆ ತನ್ನ ಅತ್ತೆಯ ಸೇವೆಯೇ ಸಾಕಷ್ಟಿತ್ತು. ಆದರೂ ದಿನಕ್ಕೊಮ್ಮೆ ಇಳಿದು ಬಂದು ಈ ಮಾತಿನ ಸೇತುವೆಯ ಕೆಲಸ ಮಾಡಿ ಹೋಗುತ್ತಿದ್ದಳು.

ತಂಗಿ ಕೆಲಸ ಬಿಡುವಂತಿರಲಿಲ್ಲ. ದಿನಾ ಅದೇ ಹಿಮದ ಬೀದಿಗೆ ಹೋಗಿ ಸಂಜೆ ಬಿಸಿಲ ಬೀದಿಗೆ ಮರಳುತ್ತಿದ್ದಳು. ಚಿತ್ರೀಕರಿಸಿದ್ದು ಟೀವಿಯಲ್ಲಿ ಬರಲು ಕೆಲವು ವಾರ ಹಿಡಿಯುತ್ತಿದ್ದರಿಂದ ಧಾರಾವಾಹಿಯಲ್ಲಿ ತಾತ ಇನ್ನೂ ಬದುಕಿದ್ದ. ಮಗನಿಗಾಗಿ ಕಾಯುತ್ತಿದ್ದ, ಮೊಮ್ಮಗಳಿಗೆ ಗದರುತ್ತಿದ್ದ. ಅಣ್ಣ ಅದನ್ನು ನೋಡುತ್ತಿರಲಿಲ್ಲ. ಆ ಹೊತ್ತಿಗೆ ಎದ್ದು ಬೀದಿ ಕೊನೆಯವರೆಗೆ ನಡೆದು ಬರುತ್ತಿದ್ದ. ದಾರಿಯುದ್ದಕ್ಕೂ ಮನೆ ಮನೆಯ ಕಿಟಕಿಯಿಂದ ಅವನದೇ ದನಿ ಕೇಳಿಸುತ್ತಿತ್ತೋ ಏನೋ.

ಸಾವಿನ ಕಂತು ಬರುವ ಸಂಜೆ ಮಾತ್ರ ಅವನು ಹೊರಗೆ ಹೋಗಲಿಲ್ಲ. ಮಹಡಿಯ ಸೊಸೆ ತನ್ನ ಅತ್ತೆಯನ್ನು ಕೈಹಿಡಿದು ಇಳಿಸಿಕೊಂಡು ಬಂದಳು. ಪಕ್ಕದ ಮನೆಯವರೂ ಬಂದರು. ಆ ಮುದುಕಿಗೆ ಕಣ್ಣು ಮಂಜು. ಟೀವಿಯಲ್ಲಿ ತಾತನ ಉಸಿರು ಎಳೆಯತೊಡಗಿದಾಗ ಗಾಬರಿಯಾಗಿ ಪಕ್ಕದಲ್ಲಿ ಕೂತಿದ್ದವನ ತೋಳನ್ನು ಮುಟ್ಟಿ ಮುಟ್ಟಿ ನೋಡಿದಳು. ಇದ್ದೀನಿ ತಾಯಿ, ಇಲ್ಲೇ ಇದ್ದೀನಿ ಎಂದು ಅವನು ಅವಳ ಕೈ ತಟ್ಟಿದ. ಕೂತವರು ಅಳುತ್ತ ಅಳುತ್ತಲೇ ನಕ್ಕರು. ಹಾಡು ಬಂತು, ಹೆಸರುಗಳು ಬಂದವು, ಎಲ್ಲರೂ ಎದ್ದು ಹೋದರು. ಅವನು ಖಾಲಿ ಪರದೆಯನ್ನೇ ನೋಡುತ್ತಿದ್ದ.

"ಕಣ್ಣು ಮುಚ್ಚಿದ್ದು ಸ್ವಲ್ಪ ಬೇಗ ಆಯ್ತು," ಎಂದ.

ಕೋಣೆಯಲ್ಲಿ ಇನ್ನಾರೂ ಇರಲಿಲ್ಲ. ತನಗೇ ಹೇಳಿದ್ದೆಂದು ಗೊತ್ತಾಗಲು ಅವಳಿಗೆ ತುಸು ಹೊತ್ತು ಹಿಡಿಯಿತು.

"ಇಲ್ಲ ಅಣ್ಣ. ಸರಿಯಾಗೇ ಇದೆ."

"ಬೇಗ ಆಯ್ತು. ಇನ್ನೊಂದು ಉಸಿರು ತಡೀಬೇಕಿತ್ತು."

ಮಾತು ಹಾಗೆ ಮರಳಿತು, ಹಿಂದಿನಷ್ಟಲ್ಲದಿದ್ದರೂ ಸಾಕಷ್ಟು. ಅವಳು ದೇವರಿಗೆ ಕೈಮುಗಿದು, ಇನ್ನು ಎಲ್ಲ ಸರಿಹೋಯಿತು ಎಂದುಕೊಂಡಳು. ಸರಿಹೋಗಲಿಲ್ಲ. ಬೀದಿಯ ಜನ ಮೊದಮೊದಲು, ಹೋಗಿಬಿಟ್ರಲ್ಲ ತಾತ ಎಂದು ತಮಾಷೆ ಮಾಡಿದರು. ಅವನೂ ನಕ್ಕ. ಕ್ರಮೇಣ ಆ ತಮಾಷೆ ಹಳಸಿತು. ತರಕಾರಿಯವಳು ಎತ್ತಿಡುವುದನ್ನು ಬಿಟ್ಟಳು, ಅದರಲ್ಲಿ ದುರುದ್ದೇಶವೇನಿರಲಿಲ್ಲ, ಮರೆತಿದ್ದಳು. ಬೇರೊಂದು ಧಾರಾವಾಹಿಯಲ್ಲಿ ಬೇರೊಬ್ಬ ತಾತ ಬಂದಿದ್ದ. ಬಸ್ಸಿನಲ್ಲಿ ಅಣ್ಣ ಕಂಬಿ ಹಿಡಿದು ನಿಂತೇ ಬರುತ್ತಿದ್ದ. ಒಂದು ದಿನ ಯಾರೋ ಹೆಂಗಸು ದಿಟ್ಟಿಸಿ ನೋಡಿ, ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದಳಂತೆ. ಇಲ್ಲಮ್ಮ, ಇರಲಾರದು ಎಂದನಂತೆ. ಅದನ್ನು ಮನೆಯಲ್ಲಿ ಹೇಳುವಾಗ ಅವನು ನಗಲಿಲ್ಲ.

ಅವಳು ಮತ್ತೆ ಮ್ಯಾನೇಜರ್ ಹತ್ತಿರ ಹೋದಳು. ನೆರಳಲ್ಲಿ ಕೂತು ಮಾಡುವಂಥ ಯಾವುದಾದರೂ ಚಿಕ್ಕ ಪಾತ್ರ, ಅಂಗಡಿಯವನೋ ದಾರಿಹೋಕನೋ, ಮಾತಿಲ್ಲದಿದ್ದರೂ ಆದೀತು ಎಂದಳು. ಅವನು ಫೋನು ಕೆಳಗಿಟ್ಟು ನಿಜವಾದ ಸಂಕಟದಿಂದ ಹೇಳಿದ.

"ಒಂದ್ಸಲ ಸತ್ತ ಮುಖ ಮತ್ತೆ ಬರೋ ಹಾಗಿಲ್ಲ ಅಕ್ಕ. ಜನ ಒಪ್ಪಲ್ಲ."

ಮಳೆಗಾಲ ಬಂದು ಹೋಯಿತು. ಅಣ್ಣ ಹೆಚ್ಚು ಹೊತ್ತು ಮಲಗಿರುತ್ತಿದ್ದ. ಒಮ್ಮೆ ಮಾತ್ರೆ ಕೊಡಲು ಹೋದಾಗ, ಆ ಊರು ನಿಜವಾಗಿ ಹೇಗಿರಬಹುದು ಎಂದು ಕೇಳಿದ. ಅವಳು ಅದೇ ನೆಪ ಹಿಡಿದು ಡಾಕ್ಟರಮ್ಮನನ್ನು ವಿಚಾರಿಸಿದಳು, ಒಂದು ಸಲ ಕರೆದುಕೊಂಡು ಹೋಗಿಬರಲೇ ಎಂದು. ಅಷ್ಟು ಎತ್ತರದ ತೆಳು ಗಾಳಿ ಇವರಿಗೆ ಬಿಸಿಲಿಗಿಂತ ಕೆಟ್ಟದ್ದು ಎಂದರು ಡಾಕ್ಟರಮ್ಮ. ಅಲ್ಲಿಗೆ ಆ ಮಾತು ನಿಂತಿತು.

ಅವನು ಹೋದದ್ದು ಹಿತವಾದ ಗಾಳಿ ಬೀಸುತ್ತಿದ್ದ ಒಂದು ಸಾಧಾರಣ ಬೆಳಗ್ಗೆ. ತಂಗಿ ಆಗ ಗಿರಣಿಯಲ್ಲಿದ್ದಳು. ಮೊಮ್ಮಗಳ ಪಾತ್ರದ ಹುಡುಗಿಗೆ ಮದುವೆಯ ಸೀನಿನ ಮೇಲಂಗಿಯ ಅಳತೆ ನೋಡುತ್ತ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು. ಮಹಡಿಯ ಸೊಸೆಯ ಫೋನು ಬಂತು. ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಆಮೇಲೆ ಅವಳು ಹೊರಟಳು. ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಏನಾದರೂ ಹೇಳಿದರಾ ಎಂದು ಸೊಸೆಯನ್ನು ಕೇಳಿದಳು. ಹಾಲು ಬಂತಾ ಎಂದು ಕೇಳಿದ್ರು ಅಕ್ಕ, ಅಷ್ಟೇ ಎಂದಳು ಸೊಸೆ, ಇನ್ನೇನೂ ಹೇಳದೆ ಹೋದದ್ದು ತನ್ನದೇ ತಪ್ಪೆಂಬಂತೆ ಸೆರಗನ್ನು ಹಿಂಡುತ್ತ.

ಬಂದವರು ಬೆರಳೆಣಿಕೆಯಷ್ಟು. ಯೂನಿಟ್ಟಿನಿಂದ ಮ್ಯಾನೇಜರ್ ಬಂದ. ಮೊಮ್ಮಗಳ ಪಾತ್ರದ ಹುಡುಗಿ ಶೂಟಿಂಗಿನ ನಡುವೆಯೇ, ಮೈಮೇಲಿನ ಸ್ವೆಟರನ್ನೂ ತೆಗೆಯದೆ ಓಡಿಬಂದಿದ್ದಳು. ಧಾರಾವಾಹಿಯಲ್ಲಿ ಅವಳು ಅಳುವುದು ಚಂದ, ಕೆನ್ನೆಯ ಮೇಲೆ ಎರಡೇ ಹನಿ ಇಳಿಯುತ್ತವೆ. ಇಲ್ಲಿ ಮೂಗು ಬಾಯಿ ಒಂದಾಗಿ, ಬಿಕ್ಕಳಿಕೆ ಹತ್ತಿ, ನೋಡಲಾಗದಂತೆ ಅತ್ತಳು. ಟೈಲರಕ್ಕ ಅವಳನ್ನು ಪಕ್ಕಕ್ಕೆ ಕರೆದು, ಸೆಕೆಯಾಗುತ್ತೆ ಮಗಳೇ ಎಂದು ಸ್ವೆಟರು ಬಿಚ್ಚಿಸಿ, ನೀರು ಕುಡಿಸಿದಳು.

ಆ ಮೇಲಿನ ತಿಂಗಳುಗಳಲ್ಲಿ ಅವಳು ಕೆಲಸಕ್ಕೆ ಹೋದಳು, ಬಂದಳು, ಒಬ್ಬಳಿಗೇ ಬೇಯಿಸಿಕೊಂಡಳು. ಒಂದು ದಿನ ಯಾರಿಗೂ ಹೆಚ್ಚು ವಿವರಿಸದೆ ವಾರದ ರಜೆ ಹಾಕಿ ರೈಲು ಹತ್ತಿದಳು. ರೈಲಿಳಿದು ಬಸ್ಸು, ಆ ಬಸ್ಸಿಳಿದು ಇನ್ನೊಂದು ಚಿಕ್ಕ ಬಸ್ಸು. ಚಳಿಗಾಲ ಮುಗಿದು ದಾರಿ ಆಗಷ್ಟೇ ತೆರೆದಿತ್ತು. ಕಡೆಗೂ ಬೆಟ್ಟದ ಊರಿನಲ್ಲಿ ಇಳಿದಳು.

ಅದು ಗಿರಣಿಯ ಅಂಗಳದ ಊರಿನ ಹಾಗೆ ಒಂಚೂರೂ ಇರಲಿಲ್ಲ. ತಗಡಿನ ಮನೆಗಳು, ಗೋಡೆಗೆ ನೀಲಿ ಬಣ್ಣ, ಕೆಸರು. ಉಣ್ಣೆ ಕೋಟು ತೊಟ್ಟವರು ಒಬ್ಬರೂ ಕಾಣಲಿಲ್ಲ. ಮುದುಕರೂ ಬಣ್ಣ ಬಣ್ಣದ ಗಾಳಿ ತುಂಬಿದಂಥ ಜಾಕೀಟು ಹಾಕಿಕೊಂಡು ಓಡಾಡುತ್ತಿದ್ದರು. ರಸ್ತೆಯ ಬದಿಗೆ ಉಳಿದ ಹಿಮ ಬೂದಿಬಣ್ಣಕ್ಕೆ ತಿರುಗಿ ಗುಡ್ಡೆ ಬಿದ್ದಿತ್ತು. ಅವಳು ಬಗ್ಗಿ ಒಂದು ಹಿಡಿ ಎತ್ತಿಕೊಂಡಳು. ಮೆತ್ತಗಿರುತ್ತದೆಂದುಕೊಂಡಿದ್ದಳು, ಅದು ಗಟ್ಟಿಯಾಗಿ ಒರಟಾಗಿ ಅಂಗೈಗೆ ಚುಚ್ಚಿತು. ಬೆರಳು ನೋಯತೊಡಗಿದರೂ ಅದು ಪೂರ್ತಿ ಕರಗುವವರೆಗೆ ಬಿಡಲಿಲ್ಲ.

ತಂಗಲು ಕೋಣೆ ಸಿಕ್ಕಿದ್ದು ಒಂದು ಅಂಗಡಿಯ ಹಿಂದೆ. ಅಂಗಡಿಯಾಕೆ ಅವಳದೇ ವಯಸ್ಸಿನವಳು, ಮಾತುಗಾರ್ತಿ. ಒಲೆಯ ಹತ್ತಿರ ಕೂರಿಸಿ ಬಿಸಿ ನೀರು ಕೊಟ್ಟು, ಈ ಕಾಲದಲ್ಲಿ ಒಬ್ಬರೇ ಯಾಕೆ ಬಂದಿರಿ ಎಂದು ಕೇಳಿದಳು. ಈ ಊರಿನದೊಂದು ಧಾರಾವಾಹಿ ಬರುತ್ತಲ್ಲ, ಅದನ್ನು ನೋಡಿ ಬಂದೆ ಎಂದಳು ಇವಳು. ಅಂಗಡಿಯಾಕೆ ಜೋರಾಗಿ ನಕ್ಕಳು. ಅದು ನಮ್ಮೂರೇ ಅಲ್ಲ, ಎಲ್ಲೋ ತೆಗೀತಾರೆ, ನಮ್ಮ ಬೀದಿ ಹಾಗಿದೆಯಾ, ನೀವೇ ನೋಡಿದ್ರಲ್ಲ ಎಂದಳು. ಮೊದಮೊದಲು ಊರವರೆಲ್ಲ ಸೇರಿ ತಮಾಷೆಗೆ ನೋಡುತ್ತಿದ್ದರಂತೆ.

"ಆದ್ರೆ ಆ ತಾತ ಇದ್ರಲ್ಲ," ಎಂದಳು, ದನಿ ಇಳಿಸಿ. "ಅವರೊಬ್ಬರು ಮಾತ್ರ ನಮ್ಮೂರೋರೇ ಅನ್ನಿಸ್ತಿತ್ತು. ನಮ್ಮಪ್ಪ ಹಾಗೇ ಕೈ ಉಜ್ಜೋರು."

ಟೈಲರಕ್ಕ ಒಲೆಯನ್ನು ನೋಡಿದಳು. "ಅವರು ತೀರಿಕೊಂಡ್ರು," ಎಂದಳು.

"ಹೌದು, ನೋಡಿದ್ವಿ. ಈ ಅಂಗಡೀಲೇ ಎಲ್ಲ ಸೇರಿದ್ವಿ. ಕಾಲವಲ್ಲದ ಕಾಲದಲ್ಲಿ ಹೊರಗೆ ಹಿಮ ಬೀಳ್ತಿತ್ತು, ಯಾರೂ ಮನೆಗೆ ಎದ್ದು ಹೋಗ್ಲಿಲ್ಲ."

ಅಂಗಡಿಯಾಕೆ ಆ ಸೀನನ್ನು ಮೊದಲಿಂದ ಹೇಳತೊಡಗಿದಳು. ಮಗ ಒಳಗೆ ಬಂದದ್ದು, ತಾತ ರಜಾಯಿಯಿಂದ ಕೈ ಈಚೆ ತೆಗೆದದ್ದು, ಆ ಕೈ ಗಾಳಿಯಲ್ಲಿ ತಡವರಿಸಿದ್ದು. ಆ ರಜಾಯಿಯ ಹತ್ತಿ ತೆಗೆದವಳು, ಕ್ಯಾಮೆರಾದ ಪಕ್ಕದಲ್ಲೇ ಒದ್ದೆ ಬಟ್ಟೆ ಹಿಡಿದು ನಿಂತಿದ್ದವಳು, ಏನೂ ಗೊತ್ತಿಲ್ಲದವಳ ಹಾಗೆ ಕೊನೆಯವರೆಗೂ ಕೇಳಿದಳು. ಕಣ್ಣೊರೆಸಿಕೊಳ್ಳಬೇಕಾದಾಗ ಒರೆಸಿಕೊಂಡಳು. ಮುಗಿದ ಮೇಲೆ, ಅವರು ನನ್ನ ಅಣ್ಣ ಎಂದಳು.

ಅಂಗಡಿಯಾಕೆ ನಂಬಲಿಲ್ಲ. ಆಮೇಲೆ ದೀಪ ಹತ್ತಿರ ತಂದು ಅವಳ ಉದ್ದ ಮುಖವನ್ನು, ಹುಬ್ಬನ್ನು ನೋಡಿದಳು. ಅಕ್ಕಪಕ್ಕದವರನ್ನು ಕರೆದಳು. ಅವರು ಬಂದು ಒಲೆಯ ಸುತ್ತ ಕೂತು, ಸಂಕೋಚ ಬಿಟ್ಟ ಮೇಲೆ ಒಂದೊಂದೇ ಕೇಳತೊಡಗಿದರು. ಮನೆಯಲ್ಲೂ ಹಾಗೇ ಗದರುತ್ತಿದ್ದರಾ, ಮಕ್ಕಳೆಷ್ಟು, ಹಾಡುತ್ತಿದ್ದರಾ. ಅವಳು ಹೇಳಿದಳು. ಮಕ್ಕಳಿರಲಿಲ್ಲ ಎಂದಳು. ಹಾಡಲು ಬರುತ್ತಿರಲಿಲ್ಲ, ಆದರೂ ಸ್ನಾನ ಮಾಡುವಾಗ ಬಿಡುತ್ತಿರಲಿಲ್ಲ ಎಂದಳು. ಅವನು ಎಂದೂ ಹಿಮ ನೋಡಿರಲಿಲ್ಲ ಎಂದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇನ್ನೂ ಸ್ವಲ್ಪ ದಿನ ಇರಬಹುದಿತ್ತು ಕತೇಲಿ," ಎಂದಳು ಅಂಗಡಿಯಾಕೆ. "ಯಾಕೆ ಸಾಯಿಸಿದ್ರಂತೆ?"

"ಬಿಸಿಲು ಜಾಸ್ತಿ ಇತ್ತು," ಎಂದಳು ಅವಳು.

ಅವರಿಗೆ ಅದೇನೆಂದು ಅರ್ಥವಾಗಲಿಲ್ಲ. ತಾನು ತಪ್ಪಾಗಿ ಕೇಳಿಸಿಕೊಂಡೆನೆಂದು ಅಂಗಡಿಯಾಕೆ ಮತ್ತೆ ಕೇಳುವವಳಿದ್ದಳು. ಅವಳ ಮುಖ ನೋಡಿ ಒಲೆಗೆ ಇನ್ನೊಂದು ಕೊರಡು ಹಾಕಿದಳು.

ಊರಿಗೆ ಮರಳಿ ಬಂದ ಮೇಲೆ ಟೈಲರಕ್ಕ ಆ ಯೂನಿಟ್ಟಿನಲ್ಲಿ ಹೆಚ್ಚು ದಿನ ಇರಲಿಲ್ಲ. ಧಾರಾವಾಹಿಯೂ ಮುಗಿಯಿತು. ಗಿರಣಿಯ ಅಂಗಳ ಯಾರದೋ ಸಿಮೆಂಟಿನ ದಾಸ್ತಾನಿಗೆ ಹೋಯಿತು. ಈಗ ಅವಳು ಮನೆಯಲ್ಲೇ ಮಕ್ಕಳ ಸಮವಸ್ತ್ರ, ದಿಂಬಿನ ಚೀಲ ಹೊಲಿಯುತ್ತಾಳೆ. ಮಿಷನ್ನನ್ನು ಹೊರಗಿನ ಕೋಣೆಗೆ ತಂದುಕೊಂಡಿದ್ದಾಳೆ, ಬೆಳಕು ಚೆನ್ನಾಗಿದೆ ಅಲ್ಲಿ. ವರ್ಷಕ್ಕೊಂದು ಸಲ, ಇಲ್ಲಿ ಇನ್ನೂ ಫ್ಯಾನು ತಿರುಗುತ್ತಿರುವಾಗಲೇ, ಅಂಗಡಿಯಾಕೆಯ ಫೋನು ಬರುತ್ತದೆ. ಇವತ್ತು ಮೊದಲ ಹಿಮ ಬಿತ್ತು ಅಕ್ಕ ಎನ್ನುತ್ತಾಳೆ. ಎಷ್ಟು ಬಿತ್ತು ಎಂದು ಇವಳು ಕೇಳುತ್ತಾಳೆ. ಮೊಣಕಾಲವರೆಗೆ ಎಂದೋ, ಬರೀ ಅಂಗಳ ಬೆಳ್ಳಗಾಗುವಷ್ಟು ಎಂದೋ ಅವಳು ಹೇಳುತ್ತಾಳೆ. ಇಬ್ಬರೂ ಮೊಣಕಾಲು ನೋವಿನ ಬಗ್ಗೆ, ಎಣ್ಣೆಯ ಬೆಲೆಯ ಬಗ್ಗೆ ಮಾತಾಡಿ ಫೋನು ಇಡುತ್ತಾರೆ.